ಉಡಿಯ ಐದು ಗುಡ್ಡೆ

ನಮ್ಮ ಅಂಬಮ್ಮಕ್ಕನ ಗಂಡ ಅಣವೀರಪ್ಪ ಮಾವ ಮೂವತ್ತು ವರ್ಷ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿ, ಅಲ್ಲಿನ ಹೈಸ್ಕೂಲೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದವರು. ಮಾಸ್ತರರ ಪಾಠಗಳಲ್ಲಿ ಅವರ ತಲೆಗೆ ಹೊಕ್ಕಿದ್ದು ಒಂದೇ: ಮಿಶ್ರಣ ಎಲ್ಲ ಕಡೆ ಒಂದೇ ಸಮ ಕಂಡರೆ ಸಮರೂಪ, ಒಳಗಿನ ವಸ್ತುಗಳು ಬೇರೆ ಬೇರೆ ಕಂಡರೆ ಅಸಮರೂಪ. ಹೊಕ್ಕಿದ್ದು ಹೊರಗೆ ಬರಲೇ ಇಲ್ಲ, ಅದೇ ನಮ್ಮ ಕರ್ಮ.

ಕಿಸೆಯಲ್ಲಿ ಸದಾ ಒಂದು ಭೂತಗನ್ನಡಿ. ಅದರಲ್ಲಿ ನೋಡದೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಉಪ್ಪುನೀರು ಸಮರೂಪ, ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಅಸಮರೂಪ. ಕಮಲಾಪುರದಲ್ಲಿ ಚಹಾದಂಗಡಿಯ ಶಬ್ಬೀರ್ ಕೊಟ್ಟ ಕಪ್ಪಿನ ಮೇಲೂ ಬಗ್ಗುತ್ತಿದ್ದರು.

"ಪುಡಿ ತೇಲಾಕತ್ತದ. ಅಸಮರೂಪ."

"ಅದು ಬಿಡ್ರಿ ಸಾಹೇಬ್ರ, ಬಿಸಿ ಅದನೋ ಇಲ್ಲೋ ಹೇಳ್ರಿ," ಎನ್ನುತ್ತಿದ್ದ ಶಬ್ಬೀರ್.

ನಗುವ ಮಾತಲ್ಲ. ಮಗಳು ಸೌಂದರ್ಯಾಗೆ ಬಂದ ಎರಡು ಸಂಬಂಧ ಇದರಿಂದಲೇ ಮುರಿದಿದ್ದವು. ಒಬ್ಬ ವರನ ಮೀಸೆಗೆ ಕನ್ನಡಿ ಹಿಡಿದು, "ಬಣ್ಣ ಅರ್ಧಾನೇ ಹತ್ಯದ, ಅಸಮರೂಪ" ಎಂದಿದ್ದರು. ಇನ್ನೊಬ್ಬರು ತಂದ ಲಾಡುಗಳನ್ನು ಒಡೆದು ಒಳಗಿನ ದ್ರಾಕ್ಷಿ ಎಣಿಸಿದ್ದರು. ಮೂರನೆಯವನು ಮೌನೇಶ, ಸೌಂದರ್ಯಾ ತಾನೇ ಮೆಚ್ಚಿದ ಹುಡುಗ. ಇದೂ ಮುರಿದರೆ ಮದುವೆಯ ಮಾತೇ ಎತ್ತಬೇಡಿ ಎಂದಿದ್ದಳು. ನಿಶ್ಚಯದ ದಿನ ಅಕ್ಕ ಭೂತಗನ್ನಡಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು. ಹಿಟ್ಟಿನಲ್ಲಿ ಹೊಟ್ಟು ಎಷ್ಟಿದೆ ಎಂದು ನೋಡಲು ಹೋದ ಮಾವನ ಕೈಗೇ ಅದು ಸಿಗಬೇಕೆ!

ಕಲಬುರಗಿಯ ಅಂಚಿಗೆ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿರುವ ಮಾವನ ಮನೆಯಲ್ಲಿ ಜನ ಸೇರಿದರು. ಮೌನೇಶನ ತಾಯಿ ಸೌಂದರ್ಯಾಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ ಹಾಕಿ ಉಡಿ ತುಂಬಿದರು. ತುಂಬಿದ ಉಡಿಯನ್ನು ದೇವರ ಮುಂದೆ ಇಡುವ ತನಕ ಯಾರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಮಾವ ಎದ್ದರು.

"ತಡಿಯವ್ವ, ಇದು ಭಾರಿ ಅಸಮರೂಪ ಅದ. ಎರಡ ನಿಮಿಷ."

ನಾನು ಹಾರಿ ಹಿಡಿಯುವಷ್ಟರಲ್ಲಿ ಉಡಿಯನ್ನು ಪೇಪರ್ ಮೇಲೆ ಸುರಿದು, ಐದು ಗುಡ್ಡೆ ಮಾಡಿ, ಹೆಸರು ಬರೆದ ಚೀಟಿಯನ್ನೂ ಇಟ್ಟಿದ್ದರು. ಮೌನೇಶನ ತಾಯಿ ಧಡಕ್ಕನೆ ಎದ್ದರು.

"ನಾವು ತುಂಬಿದ ಉಡಿ ಆರಿಸಿ ನೋಡ್ತೀರೇನ್ರಿ? ನಡಿಯೋ ಮೌನೇಶ!"

ಸೌಂದರ್ಯಾ ಬಿಕ್ಕಿದಳು. ಮಾವ ಬಗ್ಗಿ ಮಗಳ ಕೆನ್ನೆಗೂ ಕನ್ನಡಿ ಹಿಡಿದರು. "ಕಣ್ಣೀರಾಗ ಕಾಡಿಗಿ ಬ್ಯಾರೆ ಕಾಣ್ತದ. ಅಸಮ..."

"ಮಾವಾ, ನಿಮ್ಮ ಶಾಣ್ಯಾತನಕ್ಕ ಬೆಂಕಿ ಹಾಕ!" ಎಂದು ಕಿರುಚಿದೆ. ನಿಜವಾಗಿ ಹೊಡೆಯಬೇಕೆನಿಸಿತ್ತು.

ಮಾವ ಕನ್ನಡಿ ಕೆಳಗಿಳಿಸಿ ಬರಿಗಣ್ಣಿನಿಂದ ಮಗಳ ಮುಖ ನೋಡಿದರು. ಆಮೇಲೆ ಐದೂ ಗುಡ್ಡೆ ಬಾಚಿ ತಮ್ಮ ಹೆಗಲ ವಸ್ತ್ರಕ್ಕೆ ಹಾಕಿಕೊಂಡು, ಆ ತಾಯಿಯ ಮುಂದೆ ಹೆಂಗಸರ ಹಾಗೆ ಒಡ್ಡಿ ನಿಂತರು.

"ಅಕ್ಕಾರ, ತಪ್ಪಾಯ್ತು. ಇನ್ನೊಮ್ಮೆ ತುಂಬ್ರಿ. ನಾ ಕಣ್ಣ ಮುಚ್ಚಗೋತೀನಿ."

ಗಂಡಸು ಉಡಿಯೊಡ್ಡಿದ್ದನ್ನು ಕಂಡು ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮೌನೇಶನ ತಾಯಿ ನಗು ತಡೆಯುತ್ತಲೇ ಎಲ್ಲವನ್ನೂ ತೆಗೆದು ಮತ್ತೆ ಸೌಂದರ್ಯಾಳ ಸೆರಗಿಗೆ ತುಂಬಿದರು. ಕಣ್ಣು ಮುಚ್ಚಿಯೇ ನಿಂತಿದ್ದ ಮಾವ ತಡಕಾಡುತ್ತ ಬಂದು ಭೂತಗನ್ನಡಿಯನ್ನು ಅದೇ ಅಕ್ಕಿಯ ಮೇಲೆ ಇಟ್ಟರು.

"ಅಯ್ಯ, ಇದ್ಯಾಕ್ರಿ ಬೀಗರ?"

"ಇಕಿ ಹೋದ ಮ್ಯಾಲ ಮನ್ಯಾಗ ನಾ ಏನು ನೋಡ್ಲಿ ರೀ?"

ಮೌನೇಶನ ತಾಯಿ ಕೆಳಗೆ ಕೂತು ಭೂತಗನ್ನಡಿಯನ್ನೂ ಒಳಗಿಟ್ಟು ಸೆರಗಿನ ಗಂಟು ಬಿಗಿದರು.