ತೆಗಿ ಅಂದ್ರೆ ತೆಗಿ

ನಮ್ಮ ಡೊಂಬಿವಲಿ ಮನೆಯ ಗೋಡೆಗಳದು ವಿಚಿತ್ರ ಜಾತಿ. ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೇಲಿನವರ ಜಗಳ, ಎದುರಿನವರ ಒಗ್ಗರಣೆಯ ಘಾಟು ಎಲ್ಲವೂ ಅವನ್ನು ದಾಟಿ ಆರಾಮಾಗಿ ಒಳಗೆ ಬರುತ್ತವೆ. ದುಡ್ಡು ಕೊಟ್ಟು ಹಾಕಿಸಿಕೊಂಡ ವೈಫೈ ಮಾತ್ರ ಹಾಲ್‌ನಿಂದ ಹಿಂದಿನ ಕೋಣೆಗೆ ಬರಲು ಒಲ್ಲೆ ಅನ್ನುತ್ತಿತ್ತು. ನಾನು ಕೂತು ಕೆಲಸ ಮಾಡುವುದು ಆ ಹಿಂದಿನ ಕೋಣೆಯಲ್ಲೇ.

ನನ್ನ ಆಫೀಸು ಬೇಲಾಪುರದಲ್ಲಿ. ವರ್ಷಗಟ್ಟಲೆ ಲೋಕಲ್‌ನಲ್ಲಿ ಜೋತಾಡಿ, ಠಾಣೆಯಲ್ಲಿ ಗಾಡಿ ಬದಲಿಸಿ ಸವೆದುಹೋದ ಮೇಲೆ ಮನೆಯಿಂದಲೇ ಕೆಲಸ ಮಾಡುವ ಭಾಗ್ಯ ಸಿಕ್ಕಿತ್ತು. ಭಾಗ್ಯವೆಂದರೆ ನನಗೆ ಮಧ್ಯಾಹ್ನದ ಊಟ. ಮಗಳು ಶಾಲೆಯಿಂದ ಬಂದು ಬ್ಯಾಗು ಎಸೆದೊಡನೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು. ಅಲ್ಲಿಯವರೆಗೆ ಅವಳು ತಾನೇ ಬೀಗ ತೆರೆದು, ತಾನೇ ಬಡಿಸಿಕೊಂಡು ಬೆಳೆದ ಹುಡುಗಿ. ಆ ಊಟವನ್ನು ಬಿಟ್ಟುಕೊಡಲು ನಾನು ಸುತಾರಾಂ ತಯಾರಿರಲಿಲ್ಲ. ಆದರೆ ಮಾತಿನ ಮಧ್ಯೆ ಆಫೀಸಿನ ಕಾಲ್ ಕಟ್ಟಾಗಿ ಕಟ್ಟಾಗಿ ಮ್ಯಾನೇಜರಿಗೆ ಸಾಕಾಗಿತ್ತು. ಹೀಗೇ ಆದರೆ ಆಫೀಸಿಗೇ ಬನ್ನಿ ಎಂದು ಎಚ್ಚರಿಸಿದ್ದರು.

ನನ್ನ ಗಂಡ ವಿಜಾಪುರದವರು, ಇಲ್ಲಿನ ಕೆಮಿಕಲ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಂದು ರೂಟರ್ ಸಾಲದಿದ್ದರೆ ಇನ್ನೊಂದು ರೂಟರ್ ಎಂಬುದು ಅವರ ಸಿದ್ಧಾಂತ. ಫ್ರಿಜ್ಜಿನ ಮೇಲೊಂದು ಬಂತು, ಕಪಾಟಿನ ಮೇಲೊಂದು ಬಂತು. ಗೋಡೆಯುದ್ದಕ್ಕೂ ವೈರು ಹರಿಯಿತು. ಮನೆಯಲ್ಲಿ ಮೂರು ಜನಕ್ಕೆ ಮೂರು ರೂಟರ್, ಯಾರಿಗೂ ಅನ್ಯಾಯವಿಲ್ಲ! ಫೋನಿನಲ್ಲಿ ಸಿಗ್ನಲ್ ಈಗ ಪೂರ್ತಿ ತುಂಬಿಕೊಂಡು ನಿಂತಿತು. ನೆಟ್ ಮಾತ್ರ ಇದ್ದಕ್ಕಿದ್ದಂತೆ ಮಾಯವಾಗುತ್ತಿತ್ತು.

ಕೊನೆಗೆ ಕೋಪರಿಯಲ್ಲಿರುವ ನನ್ನ ತಮ್ಮನಿಗೆ ಫೋನು ಹಚ್ಚಿದೆವು. ನಾವಿಬ್ಬರೂ ಮೈಸೂರಿನಲ್ಲಿ ಬೆಳೆದವರು, ಅವನು ಐಟಿಯವನು. ರೋಗ ಅವನಿಗೆ ತಕ್ಷಣ ಹೊಳೆಯಿತು. ಮನೆಯ ಒಂದೊಂದು ಫೋನಿಗೂ ಕಂಪ್ಯೂಟರಿಗೂ ರೂಟರು ಒಂದೊಂದು ಅಡ್ರೆಸ್ ಕೊಡುತ್ತದಂತೆ. ಮೂರೂ ಕೊಡಲು ನಿಂತರೆ, ಸೊಸೈಟಿಗೆ ಮೂವರು ಸೆಕ್ರೆಟರಿಗಳಾಗಿ ಒಂದೇ ಫ್ಲ್ಯಾಟನ್ನು ಮೂರು ಸಂಸಾರಕ್ಕೆ ಹಂಚಿದ ಹಾಗೆ.

"ಭಾವ, ಹಳೇದೊಂದು ಇರಲಿ. ಹೊಸ ಎರಡರಲ್ಲೂ ಅಡ್ರೆಸ್ ಕೊಡೋದನ್ನ ತೆಗೀರಿ," ಎಂದ ತಮ್ಮ.

ಇವರು ಲ್ಯಾಪ್‌ಟಾಪಿನಲ್ಲಿ ಸೆಟಿಂಗ್ ಹುಡುಕಿ ಮೂಗಿನ ತುದಿಗೆ ಕನ್ನಡಕ ಇಳಿಸಿದರು. "ತಗದೇ ಅದಲ್ಲೋ ಮಾರಾಯಾ. ನಾ ಏನೂ ಮುಟ್ಟೂದೇ ಬ್ಯಾಡ."

"ಎರಡರಲ್ಲೂ ತೆಗೆದಿದೆಯಾ?"

"ಎರಡೂ ತಗದಾವ."

"ಹಾಗಾದ್ರೆ ಸರಿಯಾಗೇ ಇದೆ. ಒಂದ್ಸಲ ಬಂದ್ ಮಾಡಿ ಚಾಲೂ ಮಾಡಿ, ಸಾಕು."

ಬಂದ್ ಮಾಡಿ ಚಾಲೂ ಮಾಡಿದರು. ಆ ಸಂಜೆ ನೆಟ್ ಕುದುರೆಯಂತೆ ಓಡಿತು. ಗಂಡಸರಿಬ್ಬರೂ ಫೋನಿನಲ್ಲೇ ಪರಸ್ಪರ ಅಭಿನಂದಿಸಿಕೊಂಡರು.

ಮಾರನೇ ದಿನ ಮೀಟಿಂಗು. ಮ್ಯಾನೇಜರ್ ಮಾತು ಶುರು ಮಾಡಿದಾಗ ನಾನು ಒಳ್ಳೆಯ ಮಗುವಿನಂತೆ ನಗುತ್ತಾ ತಲೆಯಾಡಿಸಿದೆ. ಅಷ್ಟಕ್ಕೇ ನೆಟ್ ಹೋಯಿತು. ಹಲೋ ಹಲೋ ಎಂದು ಕಿರುಚಿದ್ದು ನಮ್ಮ ಗೋಡೆ ದಾಟಿ ಪಕ್ಕದ ಮನೆಗೆ ಕೇಳಿಸಿತು, ಬೇಲಾಪುರಕ್ಕೆ ಕೇಳಿಸಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಸಹೋದ್ಯೋಗಿಯೊಬ್ಬಳು ಹೇಳಿದಳು. ಸೋಮವಾರದಿಂದ ಆಫೀಸಿಗೆ ಬರಲು ಯಾರಿಗೆ ತೊಂದರೆ ಎಂದು ಮ್ಯಾನೇಜರ್ ಕೇಳಿದ್ದಾರೆ. ಇಬ್ಬರು ಕೈಯೆತ್ತಿ ರಿಯಾಯಿತಿ ಗಿಟ್ಟಿಸಿದ್ದಾರೆ. ಪರದೆಯ ಮೇಲೆ ನನ್ನ ಚಿತ್ರ ಹಲ್ಲು ಕಿಸಿದುಕೊಂಡು ಹಾಗೇ ನಿಂತುಬಿಟ್ಟಿದೆ. "ಮ್ಯಾಡಮ್ ತೋ ಖುಷ್ ದಿಖ್ ರಹೀ ಹೈ. ಫೈನಲ್," ಎಂದು ಆ ನಗುವನ್ನೇ ಒಪ್ಪಿಗೆಯೆಂದುಕೊಂಡು ಅವರು ಮುಗಿಸಿದ್ದಾರೆ. ಆಮೇಲೆ ಫೋನು ಮಾಡಿ ಎಷ್ಟು ಗೋಗರೆದರೂ ಮೇಲಿನವರಿಗೆ ತಿಳಿಸಿಯಾಯಿತು ಎಂಬ ಒಂದೇ ಉತ್ತರ.

ಭಾನುವಾರ ತಮ್ಮ ಖುದ್ದಾಗಿ ಬಂದು ಸೆಟಿಂಗ್ ನೋಡಿದವನೇ ಹಣೆ ಚಚ್ಚಿಕೊಂಡ. "ಭಾವ, ಎರಡೂ ಆನ್ ಇದೆಯಲ್ರೀ! ತೆಗೀರಿ ಅಂದಿದ್ದೆ!"

"ತಗದದ ಅಂತ ನಾನೂ ಹೇಳಿದ್ನಲ್ಲ! ಬಾಗಲಾ ತಗಿ ಅಂದ್ರ ಏನ್ ಮಾಡ್ತಿ? ಅಂಗಡಿ ತಗದದ ಅಂದ್ರ ಏನು?"

"ಬಟ್ಟೆ ತೆಗಿ ಅಂದ್ರೆ ಬಟ್ಟೆ ಆನ್ ಮಾಡ್ತೀರಾ?"

"ನಿಮ್ಮ ಮೈಸೂರು ಕನ್ನಡದಾಗ ಹ್ಯಾಂಗೋ ನನಗೇನ್ ಗೊತ್ತು!"

ಇಬ್ಬರೂ ಶುದ್ಧ ಕನ್ನಡದವರು, ಇಬ್ಬರೂ ಸರಿಯೇ. ನನ್ನ ಊಟ ಹೋಯಿತಲ್ಲ, ಅದರ ಬಗ್ಗೆ ಯಾವ ಜಿಲ್ಲೆಯ ಕನ್ನಡದಲ್ಲೂ ಒಂದು ಮಾತಿಲ್ಲ. "ವ್ಯಾಕರಣ ಆಮೇಲೆ ಮಾಡ್ಕೊಳ್ಳಿ, ಮೊದಲು ಅದನ್ನ ಬಂದ್ ಮಾಡಿ ಸಾಯ್ರೋ," ಎಂದು ಕೂಗಿದೆ. ತಮ್ಮ ಎರಡು ಕಡೆ ಒತ್ತಿದ. ಅಷ್ಟೇ ಕೆಲಸ.

ಸೋಮವಾರ ಬೇಲಾಪುರದ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾಗ ಮಗಳ ವಿಡಿಯೋ ಕಾಲ್ ಬಂತು. ಫೋನನ್ನು ನೀರಿನ ಚೊಂಬಿಗೆ ಆನಿಸಿಟ್ಟು, ನಾನು ಬೆಳಿಗ್ಗೆ ಮಾಡಿಟ್ಟ ಸಾರನ್ನು ತಣ್ಣಗೇ ಬಡಿಸಿಕೊಂಡು ಕೂತಿದ್ದಳು.

"ಬಿಸಿ ಮಾಡ್ಕೋಬಾರದಿತ್ತೇನೇ?"

"ಚಲೇಗಾ ಮಮ್ಮಿ. ದೇಖ್ ನಾ, ಆಜ್ ಅಟಕ್ ನಹೀ ರಹಾ!"

ನಿಜ, ಎಲ್ಲೂ ತಡೆಯಲಿಲ್ಲ. ಅವಳು ಕಲಸುವುದು, ಕರಿಬೇವು ತೆಗೆದು ತಟ್ಟೆಯಂಚಿಗೆ ಇಡುವುದು, ಅಗಿಯುತ್ತಾ ನನ್ನನ್ನೇ ನೋಡುವುದು, ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಒಂದು ಕ್ಷಣ ಚಿತ್ರ ನಿಂತಿದ್ದರೆ ಸಾಕಿತ್ತು, ಅವಳಿಗೆ ಕಾಣದಂತೆ ಕಣ್ಣೊರೆಸಿಕೊಂಡುಬಿಡುತ್ತಿದ್ದೆ. ನಿಲ್ಲಲಿಲ್ಲ.