ಬ್ಲಾಜೆನಾಳ ಉಪ್ಪಿನ ಡಬ್ಬಿ

ಬ್ಲಾಜೆನಾಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲಿನವನು ನೀರು ಬೆರೆಸ್ತಾನೆ, ಬೇಕರಿಯವಳು ಹಳೇ ಬ್ರೆಡ್ಡನ್ನೇ ಪುಡಿಮಾಡಿ ಕೊಡ್ತಾಳೆ, ದೇವರೂ ಒಂದು ಕಣ್ಣು ಮುಚ್ಚಿಕೊಂಡೇ ಇರ್ತಾನೆ ಅನ್ನೋದು ಅವಳ ಲೆಕ್ಕ. "ಬ್ರೆಡ್ ಪುಡಿ ಹೊದ್ದ ಮೇಲೆ ಚೀಸೂ ಒಂದೇ, ಹೂಕೋಸೂ ಒಂದೇ. ಮನುಷ್ಯರೂ ಹಾಗೇನೇ, ಕಚ್ಚಿ ನೋಡೋ ತನಕ ಗೊತ್ತಾಗಲ್ಲ" ಅಂತ ಎಣ್ಣೆ ಬಾಣಲೆಯ ಮುಂದೆ ನಿಂತು ಗೊಣಗೋಳು.

ಚೆಕ್ ದೇಶದ ಮೊರಾವಿಯಾ ಸೀಮೆಯ ಒಂದು ಪುಟ್ಟ ಊರಲ್ಲಿ, ರೈಲು ನಿಲ್ದಾಣದ ಎದುರಿನ ಹೋಟೆಲಲ್ಲಿ ಅವಳು ಮೂವತ್ತೊಂದು ವರ್ಷದಿಂದ ಅಡುಗೆ ಮಾಡ್ತಿದ್ದಳು. ಚೀಸಿನ ತುಂಡಿಗೆ ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿ, ಆಮೇಲೆ ಇನ್ನೊಂದು ಸಲ ಮೊಟ್ಟೆ, ಪುಡಿ. ಅವಳು ಕರಿದ ಚೀಸು ಒಂದು ದಿನವೂ ಬಿರಿದು ಎಣ್ಣೆಗೆ ಸೋರಿದ್ದಿಲ್ಲ. ರೈಲು ತಪ್ಪಿದರೂ ಪರವಾಗಿಲ್ಲ ಅಂತ ಕೂತು ತಿನ್ನೋ ಜನ ಇದ್ದರು.

ಆದರೆ ಕಳೆದ ಚಳಿಗಾಲದಲ್ಲಿ ಬಂದ ಜ್ವರ, ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯ್ತು. ಉಪ್ಪಿಲ್ಲ, ಹುಳಿಯಿಲ್ಲ, ಬಾಯಿಗೆ ಹಾಕಿದ್ದೆಲ್ಲ ಒದ್ದೆ ಬಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾಲೀಕ ಹೋರಾಚೆಕ್ ಅವಳನ್ನು ಮನೆಗೆ ಕಳಿಸಿ, ಪೊಟ್ಟಣದಲ್ಲಿ ಬರೋ ರೆಡಿ ಚೀಸು ತರಿಸ್ತಾನೆ. ಹಾಗಾಗಿ ಎಲ್ಲವನ್ನೂ ಚಮಚದಲ್ಲಿ ಅಳೆದು ಹಾಕತೊಡಗಿದಳು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ಳೋ ಸ್ಥಿತಿ. ಅಷ್ಟರಲ್ಲಿ ಉಪ್ಪಿನ ಡಬ್ಬಿ ಜಾಗ ಬದಲಿಸತೊಡಗಿತು! ಬಲಕ್ಕಿಟ್ಟರೆ ಎಡಕ್ಕೆ. ಉಪ್ಪನ್ನು ಚಾಕುವಿನಿಂದ ಸಮ ಮಾಡಿ ಹೋದರೆ, ಬಂದಾಗ ಅದರಲ್ಲಿ ಬೆರಳಿನ ಗುಳಿ.

ಯಾರ್ಮಿಲಾ ಬಿಟ್ಟು ಇನ್ಯಾರು? ಮೇಜಿಗೆ ಬಡಿಸೋ ಹೆಂಗಸು, ಎರಡು ವರ್ಷದಿಂದ ಒಲೆಯ ಕಡೆಗೇ ಕಣ್ಣು. ಅಡುಗೆ ಕೆಡಿಸಿ, ಗಿರಾಕಿಗಳು ಬೈಯೋ ಹಾಗೆ ಮಾಡಿ, ತಾನು ಸೌಟು ಹಿಡಿಯೋ ಹುನ್ನಾರ. ಬ್ಲಾಜೆನಾಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಹೂಕೋಸು ಬೇಯಲಿಟ್ಟು, "ಹಾಲು ತರ್ತೀನಿ" ಅಂತ ಕೂಗಿ ಹೇಳಿ, ಉಗ್ರಾಣಕ್ಕೆ ಹೋಗಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಯಾರ್ಮಿಲಾ ಬಂದಳು. ಪಾತ್ರೆಯಿಂದ ಒಂದು ತುಂಡು ತೆಗೆದು ಕಚ್ಚಿದಳು, ತಲೆಯಾಡಿಸಿದಳು, ಉಪ್ಪಿಗೆ ಕೈಹಾಕಿದಳು.

"ಸಿಕ್ಕಿಬಿದ್ದೆಯಾ!" ಬ್ಲಾಜೆನಾ ಸೌಟು ಹಿಡಿದು ನುಗ್ಗಿದಳು. "ನನ್ನ ಅನ್ನಕ್ಕೆ ಮಣ್ಣು ಹಾಕ್ತೀಯೇನೇ?"

ಯಾರ್ಮಿಲಾ ಅಲ್ಲಾಡಲಿಲ್ಲ. "ಇದಕ್ಕೆ ಉಪ್ಪು ಹಾಕಿದ್ರಾ ಅಮ್ಮಾ?"

"ಎರಡು ಚಮಚ! ಅಳೆದು ಹಾಕಿದೀನಿ!"

"ತಗೊಳಿ, ನೀವೇ ತಿಂದು ಹೇಳಿ."

ಬ್ಲಾಜೆನಾ ಬಾಯಿಗೆ ಹಾಕಿಕೊಂಡಳು. ಬಿಸಿ, ಮೆತ್ತಗೆ. ಅಷ್ಟೇ. ಅಗಿದಳು, ಅಗಿಯುತ್ತಲೇ ಇದ್ದಳು.

"ನೀವು ಉಪ್ಪು ಹಾಕೇ ಇಲ್ಲ," ಯಾರ್ಮಿಲಾ ದನಿ ತಗ್ಗಿಸಿದಳು. "ಮೊನ್ನೇನೂ ಮರೆತಿದ್ರಿ. ಫೆಬ್ರವರಿಯಲ್ಲಿ ಒಂದಿನ ಚೀಸಿನ ಜೊತೆ ಕೊಡೋ ಸಾಸಿಗೆ ನಿಂಬೆಹಣ್ಣು ಎರಡೆರಡು ಸಲ ಹಿಂಡಿದ್ರಿ. ಗಿರಾಕಿಗಳು ಮುಖ ಸಿಂಡರಿಸಿದ್ದಕ್ಕೆ, ಸಾಸಿಗೆ ಹಾಕಿದ ಉಪ್ಪಿನಕಾಯಿ ಸೌತೆಕಾಯಿ ಜಾಸ್ತಿ ಹುಳಿ ಬಂದಿದೆ ಅಂತ ಅವರಿಗೆ ಹೇಳಿದೆ. ಆವತ್ತಿಂದ ನಾನೇ ರುಚಿ ನೋಡ್ತಾ ಇದೀನಿ."

"ಹೋರಾಚೆಕ್‌ಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಪೊಟ್ಟಣದ ಚೀಸು ಬರುತ್ತೆ. ಆ ರಬ್ಬರನ್ನ ಜನರ ಮುಂದೆ ಇಟ್ಟು ಬೈಸಿಕೊಳ್ಳೋಳು ನಾನು ತಾನೆ? ನನಗೇನು ಗ್ರಹಚಾರ!"

ಬ್ಲಾಜೆನಾ ಸೌಟು ಕೆಳಗಿಟ್ಟಳು. ನಾಚಿಕೆಯಿಂದ ಕಿವಿ ಕೆಂಪಾಯಿತು. ಗಿರಾಕಿಗಳು ಬರೋ ಹೊತ್ತಾಗಿತ್ತು, ಇಬ್ಬರೂ ಸೇರಿ ಹೂಕೋಸಿಗೆ ಬ್ರೆಡ್ ಪುಡಿ ಹಚ್ಚಿದರು.

ಶನಿವಾರ ಬ್ಲಾಜೆನಾ ಸಾಸು ಕಲಸಿ, ಹಿಂದೆ ತಿರುಗದೇನೇ ಯಾರ್ಮಿಲಾಳ ಕಡೆ ಚಮಚ ಚಾಚಿದಳು. "ನೋಡು."

"ಉಪ್ಪು ಒಂಚೂರು ಕಡಿಮೆ."

ಬ್ಲಾಜೆನಾ ಹುಬ್ಬು ಗಂಟಿಕ್ಕಿ ತಿರುಗಿದಳು. "ನಿಜ ಹೇಳ್ತಿದೀಯಾ?"

"ಸುಳ್ಳು ಹೇಳಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಬ್ಲಾಜೆನಾ ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿ, "ನೀನೇ ಹಾಕು" ಅಂದಳು.