ಬುದಯ್ಯದ ತೋಟದಲ್ಲಿ ಮಣ್ಣಿನ ಪರೀಕ್ಷೆ

ತೋಟದ ಅರಬ್ಬಿ ಯಜಮಾನ ಕೊನೇ ಗಳಿಗೆಯಲ್ಲಿ ಗೇಟಿಗೆ ಬೀಗ ಜಡಿದು ಹೋಗಬಹುದು. ಬ್ಯಾನರ್ ಕಂಡ ಪೊಲೀಸರು ಇದೆಂಥ ಸಭೆ, ಪರವಾನಗಿ ಎಲ್ಲಿ ಎನ್ನಬಹುದು. ಬಿಸಿಬೇಳೆಬಾತ್ ಹಳಸಿ ಅರವತ್ತು ಜನ ಸಾಲಾಗಿ ಆಸ್ಪತ್ರೆ ಸೇರಬಹುದು. ಯಾರದಾದರೂ ಮಗು ನೀರಿನ ತೊಟ್ಟಿಗೆ ಬೀಳಬಹುದು. ಖರ್ಜೂರದ ಗೊನೆ ಕಳಚಿ ಸರಿಯಾಗಿ ನನ್ನ ತಲೆಯ ಮೇಲೇ ಬೀಳಬಹುದು.

ಬಹ್ರೇನಿನಲ್ಲಿದ್ದ ನಮ್ಮ ಕೃಷಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ನನ್ನನ್ನು ತಮ್ಮ ಕೂಟದ ಅಧ್ಯಕ್ಷನನ್ನಾಗಿ ಮಾಡಿದ ವರ್ಷ, ಬುದಯ್ಯ ಎಂಬ ಊರಿನ ತೋಟದಲ್ಲಿ ನಡೆಯಬೇಕಿದ್ದ ಪಿಕ್ನಿಕ್ಕಿಗೆ ಮುಂಚೆ ಮಾಹೂಝ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಬರೆದ ಪಟ್ಟಿಯಿದು. ಹೆಂಡತಿ ಓದಿ, "ಭೂಕಂಪ ಬಿಟ್ಟುಹೋಗಿದೆ ನೋಡಿ," ಎಂದಳು. ಸೇರಿಸಿದೆ.

ಮಣ್ಣಿನ ವಿಷಯ ಪಟ್ಟಿಯಲ್ಲಿರಲಿಲ್ಲ. ಅದು ಇರುವುದಿಲ್ಲವೆಂದು ಒಬ್ಬ ಹುಡುಗನಿಗೆ ಮಾತು ಕೊಟ್ಟು ಮುಗಿಸಿದ್ದೆನಲ್ಲ.

ನಮ್ಮ ಹಾಸ್ಟೆಲಿನಲ್ಲಿ ಹೊಸಬರನ್ನು ಸಾಲಾಗಿ ನಿಲ್ಲಿಸಿ, ನಾಲಿಗೆಯ ಮೇಲೆ ಮಣ್ಣು ಹಾಕಿಸಿ, ಯಾವ ಹೊಲದ್ದು ಹೇಳು ಎನ್ನುವ ಪದ್ಧತಿಯಿತ್ತು. ಅದನ್ನು ಪರೀಕ್ಷೆ ಎನ್ನುತ್ತಿದ್ದರು. ಅದರಲ್ಲಿ ಕೋಳಿ ಗೊಬ್ಬರ ಬೆರೆಸಿರುತ್ತಿದ್ದರು. ನನ್ನ ಸರದಿಯಲ್ಲಿ ಅದು ಅಂಗುಳಕ್ಕೆ ಅಂಟಿಕೊಂಡಿತು. ಮೂಗಿನೊಳಗೆ ಅಮೋನಿಯಾ ಏರಿತು. ಲುಂಗಿಯ ಮೇಲೆಲ್ಲ ವಾಂತಿ ಮಾಡಿಕೊಂಡೆ. ಮೂರು ದಿನ ಅನ್ನ ಮುಟ್ಟಲಿಲ್ಲ. ಮರುವರ್ಷ ಹೊಸಬರ ಮುಂದೆ ಮಣ್ಣಿನ ತಟ್ಟೆ ಹಿಡಿದವನು ನಾನೇ. ಚೆನ್ನಾಗಿ ಹಿಡಿದೆನೆಂದೇ ಹಾಸ್ಟೆಲ್ ಸೆಕ್ರೆಟರಿಯಾಗಿ ಆರಿಸಿದರು. ನನ್ನ ಬಯೋಡಾಟಾದಲ್ಲಿ 'ನಾಯಕತ್ವದ ಗುಣ' ಎಂದಿದೆಯಲ್ಲ, ಅದರ ಮೂಲ ಇದೇ.

ಪಿಕ್ನಿಕ್ಕಿಗೆ ಎರಡು ದಿನವಿರುವಾಗ ಪುತ್ತೂರು ಕಡೆಯ ಒಬ್ಬ ಹೊಸ ಪದವೀಧರ ಫೋನ್ ಮಾಡಿದ. ನರ್ಸರಿಯೊಂದರ ಕೆಲಸಕ್ಕೆ ಬಂದು ಮೂರು ತಿಂಗಳಾಗಿತ್ತು. ಮೀನಾ ಸಲ್ಮಾನ್ ಬಂದರಿನ ಹತ್ತಿರ ಕಂಪನಿಯ ಕೋಣೆಯಲ್ಲಿ ಐದು ಜನರ ಜೊತೆ ವಾಸ. ಕನ್ನಡ ಆಡುವವರು ಒಬ್ಬರೂ ಇಲ್ಲ.

"ಅಣ್ಣ, ಅಲ್ಲಿ ಆ ಮಣ್ಣು ತಿನ್ನಿಸುದು ಉಂಟಾ? ಉಂಟಾದ್ರೆ ನಾನು ಬರುದಿಲ್ಲ. ಕಾಲೇಜಲ್ಲಿ ಒಮ್ಮೆ ಆದದ್ದು ಸಾಕು."

"ಛೆ ಛೆ, ಇಲ್ಲಪ್ಪ. ನಾನೇ ಅಧ್ಯಕ್ಷ, ಧೈರ್ಯವಾಗಿ ಬಾ," ಎಂದೆ.

ಶುಕ್ರವಾರ ಗೇಟು ತೆರೆದೇ ಇತ್ತು. ಪೊಲೀಸರು ಬರಲಿಲ್ಲ. ಬಾತ್ ಘಮಘಮಿಸುತ್ತಿತ್ತು. ಹುಡುಗ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದು ಎಲ್ಲರ ಕೈಕುಲುಕಿದ. ಒಬ್ಬರೊಡನೆ ತುಳು ಮಾತಾಡಲು ಸಿಕ್ಕಿ ಅವನ ಮುಖ ಎಷ್ಟು ಅರಳಿತೆಂದರೆ, ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ಆಗ ನಮ್ಮ ಸೀನಿಯರ್ ಎದ್ದರು. ಮಂಡ್ಯದವರು, ಈಗ ರಸಗೊಬ್ಬರ ಮಾರುವ ದೊಡ್ಡ ಮ್ಯಾನೇಜರ್. ಅಂದು ನನ್ನ ಬಾಯಿಗೆ ಮಣ್ಣು ಹಾಕಿಸಿದ್ದು ಇವರೇ.

"ಏನ್ಲಾ ಪ್ರೆಸಿಡೆಂಟು, ಹೊಸ ಹೈದ ಬಂದವ್ನೆ, ಮಣ್ಣೆಲ್ಲಿ?"

"ಬೇಡ ಬಿಡಿ ಸಾರ್. ಹೆಂಗಸರು, ಮಕ್ಕಳೆಲ್ಲ ಇದ್ದಾರೆ."

"ಅವ್ರೂ ನೋಡ್ಲಿ ಬಿಡ್ಲಾ! ಅವತ್ತು ನಾನು ತಿನ್ಸಿದ್ಕೇ ನೀನಿವತ್ತು ಪ್ರೆಸಿಡೆಂಟಾಗಿರೋದು!"

ಎಲ್ಲರೂ ಹೋ ಎಂದು ನಕ್ಕರು. ಅವರು ಟೊಮೇಟೊ ಪಾತಿಗೆ ಬಗ್ಗಿ, ಗೊಬ್ಬರ ಹಾಕಿದ್ದ ಕಡೆಯಿಂದಲೇ ಒಂದು ಹಿಡಿ ಬಾಚಿ ಪೇಪರ್ ಪ್ಲೇಟಿಗೆ ಸುರಿದು ನನ್ನ ಕೈಗಿತ್ತರು. ಒದ್ದೆ ಮಣ್ಣು. ಅದರಲ್ಲಿ ಒಂದು ಕೋಳಿ ಪುಕ್ಕ. ನೊಣಗಳು ಅದರ ಹಿಂದೆಯೇ ಬಂದವು. ನಲವತ್ತಾರು ವರ್ಷದ ನಾನು, ಸುಳ್ಳೇಕೆ, ಹಾಸ್ಟೆಲಿನ ಹುಡುಗನ ಹಾಗೇ ಎರಡು ಕೈಯಲ್ಲೂ ತಟ್ಟೆ ಹಿಡಿದು ನಿಂತೆ. ಕೆಳಗಿಟ್ಟಿದ್ದರೆ ಮುಗಿಯುತ್ತಿತ್ತು. ನೆಲ ಪಕ್ಕದಲ್ಲೇ ಇತ್ತು.

"ಅಣ್ಣ, ನೀವು ಹೇಳಿದ್ರಲ್ಲ..." ಎಂದ ಹುಡುಗ, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ.

"ಒಂದೇ ಒಂದು ಚಿಟಿಕೆ ಕಣಪ್ಪ," ಎಂದೆ. "ಉಗಿದುಬಿಡು, ಮುಗೀತು."

ಅವನು ಹಾಕಿಕೊಂಡ. ಉಗಿಯಲಿಲ್ಲ. ನನ್ನ ಮುಖ ನೋಡುತ್ತಲೇ ನುಂಗಿದ. ಚಪ್ಪಾಳೆ ಬಿತ್ತು. ಅವನು ನಲ್ಲಿಯತ್ತ ಹೋದ, ಬಾಯಿ ಮುಕ್ಕಳಿಸಿದ, ಶರ್ಟಿನ ತೋಳಿನಲ್ಲಿ ಒರೆಸಿಕೊಂಡ, ಊಟಕ್ಕೆ ನಿಲ್ಲದೆ ಗೇಟು ದಾಟಿ ಬಸ್ಸಿನ ರಸ್ತೆಗೆ ನಡೆದ.

ಪಿಕ್ನಿಕ್ಕು ಬಹಳ ಚೆನ್ನಾಗಿ ಆಯಿತೆಂದು ಆಮೇಲೆ ಎಷ್ಟೋ ಜನ ಫೋನ್ ಮಾಡಿ ಹೇಳಿದರು. ಸುಳ್ಳಲ್ಲ. ಆ ಇಡೀ ದಿನದಲ್ಲಿ ಕೆಟ್ಟದ್ದು ಒಂದೇ, ಅದೂ ತೀರಾ ಸಣ್ಣದು: ಎರಡು ಕೈಯಲ್ಲೂ ತಟ್ಟೆ ಹಿಡಿದಿದ್ದ ನಾನು, ಉಳಿದವರ ಜೊತೆ ಚಪ್ಪಾಳೆ ತಟ್ಟಲೆಂದು, ಅದನ್ನು ಕೆಳಗಿಟ್ಟೆ.